ಬರಿಗಾಲಿಗೊಂದು ಬಟ್ಟೆ

ಆಷಾಢದ ಮಳೆ ಹಿಡಿದ ಮೇಲೆ ಸಕಲೇಶಪುರ ಕಡೆಯ ಹಾನುಬಾಳಿನ ಸುತ್ತಲ ಕಾಫಿ ತೋಟಗಳಲ್ಲಿ ಜನರ ಮುಖ ಬಿಟ್ಟು ಕಾಲು ನೋಡಬೇಕು. ಒಂದೇ ಕಾಲುದಾರಿಯಲ್ಲಿ ಮೂರು ಬಗೆಯ ಕಾಲುಗಳು ಓಡಾಡುತ್ತಿರುತ್ತವೆ. ಮೊಣಕಾಲ ತನಕ ಗಂಬೂಟು ಏರಿಸಿದ, ತೋಟದ ಲೆಕ್ಕ ಬರೆಯುವ ರೈಟರ ಕಾಲು ಒಂದು. ಪ್ಯಾಂಟಿನ ಮೇಲೆ ಇಂಬಳ, ಅಂದರೆ ಜಿಗಣೆ, ತಡೆಯುವ ಕಾಲುಚೀಲ ಬಿಗಿದುಕೊಂಡು ಬಂದ ಚಾರಣಿಗರ ಕಾಲು ಇನ್ನೊಂದು. ಮೂರನೆಯದು ಏನನ್ನೂ ತೊಡದೆ, ಬೆರಳು ಅಗಲಿಸಿಕೊಂಡು ಇಳಿಜಾರಿನಲ್ಲಿ ಸರಸರ ಇಳಿಯುವ ತೋಟದ ಕೆಲಸದವರ ಕಾಲು. ನೆಲ ಮೂವರಿಗೂ ಒಂದೇ, ಮಳೆ ಕುಡಿದು ಮೆತ್ತಗಾದ ಕೆಂಪು ಜೇಡಿ. ಬೂಟಿನವರಿಗೆ ಇಂಬಳದ ಭಯವಿಲ್ಲ, ಜಾರಿ ಬೀಳುವ ಭಯ ಉಂಟು. ಬರಿಗಾಲಿನವರು ಜಾರುವುದು ಅಪರೂಪ, ಆದರೆ ಮುಳ್ಳೂ ಇಂಬಳವೂ ತಪ್ಪಿದ್ದಲ್ಲ. ಕಾಲುಚೀಲದವರದು ನಡುವಿನ ದಾರಿ: ಇಂಬಳ ಒಳಗೆ ನುಗ್ಗದಷ್ಟು ಒತ್ತಾದ ಬಟ್ಟೆ, ಅಷ್ಟೇ.

ಮನುಷ್ಯನ ಕಾಲು ಯಾವಾಗ ಬರಿದಾಗಿರಬೇಕು, ಯಾವಾಗ ಮುಚ್ಚಿಕೊಳ್ಳಬೇಕು ಎಂಬ ಈ ಲೆಕ್ಕವನ್ನು ಬಲು ಕಟ್ಟುನಿಟ್ಟಾಗಿ ಇಟ್ಟಿರುವ ಜಾಗ ಒಂದಿದೆ. ಅದು ಜಪಾನಿನ ಸುಮೊ ಕಣ.

ಸುಮೊ ಕಣದ ವೃತ್ತದ ಅಡ್ಡಗಲ 4.55 ಮೀಟರ್. ಎತ್ತರಿಸಿದ ಜಗಲಿಯ ಮೇಲೆ ಜೇಡಿಮಣ್ಣನ್ನು ಹಾಸಿ, ಬಡಿದು ಬಡಿದು ಸಿಮೆಂಟಿನಷ್ಟು ಗಟ್ಟಿ ಮಾಡುತ್ತಾರೆ. ವೃತ್ತದ ಅಂಚಿಗೆ ಮಣ್ಣು ತುಂಬಿದ ಹುಲ್ಲಿನ ಮೂಟೆಗಳನ್ನು ಅರ್ಧ ಹೂತಿರುತ್ತಾರೆ. ಮೇಲೆ ತೆಳ್ಳಗೆ ಮರಳು. ನಿಯಮ ಸರಳ: ವೃತ್ತದಿಂದ ಹೊರಗೆ ಕಾಲಿಟ್ಟವನು ಸೋತ, ಅಂಗಾಲು ಬಿಟ್ಟು ದೇಹದ ಬೇರೆ ಯಾವ ಭಾಗ ನೆಲ ಮುಟ್ಟಿದರೂ ಸೋತ. ನಮ್ಮ ನಾಡಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಬೇಕು, ಅದಕ್ಕೆ ಮುಂಚೆ ಮಂಡಿಯೂರಲಿ, ಬೋರಲು ಬೀಳಲಿ, ಎದ್ದು ಹೋರಾಡಲು ಅವಕಾಶವಿರುತ್ತದೆ. ಸುಮೊದಲ್ಲಿ ಆ ರಿಯಾಯಿತಿ ಇಲ್ಲ. ನೂರೈವತ್ತು ಕಿಲೋ ದಾಟಿದ ದೇಹದ ಅದೃಷ್ಟವೆಲ್ಲ ಎರಡು ಅಂಗಾಲುಗಳ ಮೇಲೆ ನಿಂತಿರುತ್ತದೆ. ಹಾಗಾಗಿ ಅವರು ಕಾಲೆತ್ತಿ ಹೆಜ್ಜೆ ಹಾಕುವುದೇ ಕಡಿಮೆ. ಅಂಗಾಲನ್ನು ನೆಲಕ್ಕೆ ಅಂಟಿಸಿಕೊಂಡೇ ಜಾರಿಸುತ್ತ ಮುಂದೆ ಸಾಗುತ್ತಾರೆ. ಇದನ್ನು ‘ಸುರಿಆಶಿ’ ಎನ್ನುತ್ತಾರೆ, ಹೊಸಬರು ದಿನವೂ ಬೆಳಗ್ಗೆ ಇದನ್ನೇ ಅಭ್ಯಾಸ ಮಾಡುತ್ತಾರೆ. ಹೀಗೆ ಜಾರಿಸುವಾಗ ಹೆಬ್ಬೆರಳು ನೆಲವನ್ನು ಕಚ್ಚಿ ಹಿಡಿದಿರಬೇಕು. ಅದೇ ಅವರ ಬ್ರೇಕು, ಅದೇ ಅವರ ಗೇರು.

ಆದರೂ ಕೆಲವೊಮ್ಮೆ ಕಣಕ್ಕಿಳಿದ ಜಟ್ಟಿಯ ಪಾದದಲ್ಲಿ ಬಟ್ಟೆಯ ಹೊದಿಕೆ ಕಾಣುತ್ತದೆ. ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕಕ್ಕೊಂದು ಮನೆ ಇರುವ ಈ ಕಾಲುಚೀಲದ ಹೆಸರು ತಾಬಿ. ಕೆಲವರು ಒಂದೇ ಕಾಲಿಗೆ ತೊಟ್ಟಿರುತ್ತಾರೆ. ಅದನ್ನು ನೋಡಿದ ಕೂಡಲೇ ಬಟ್ಟೆ ಏಕೆ ಎಂಬ ಒಗಟಿನ ಅರ್ಧ ಬಿಡಿಸಿದಂತಾಯಿತು. ಶೋಕಿಗಾದರೆ ಎರಡೂ ಕಾಲಿಗೆ ಬೇಕು. ಒಂದೇ ಕಾಲಿಗೆ ಎಂದರೆ ಗಾಯ. ಉಗುರು ಕಿತ್ತಿರಬಹುದು, ಬೆರಳು ಮುರಿದಿರಬಹುದು, ಅಂಗಾಲು ಸೀಳಿರಬಹುದು. ಪಾದಕ್ಕೆ ಪೆಟ್ಟಾದಾಗ ಮಾತ್ರ ಜಟ್ಟಿಗೆ ತಾಬಿ ತೊಡಲು ಅವಕಾಶ. ಅದು ಅಲ್ಲಿ ಪಾದರಕ್ಷೆಯಲ್ಲ, ಬ್ಯಾಂಡೇಜಿನ ಮೇಲಿನ ಬ್ಯಾಂಡೇಜು.

ತಮಾಷೆ ಎಂದರೆ ಅದೇ ಕಣದಲ್ಲಿ, ಅದೇ ಹೊತ್ತಿನಲ್ಲಿ, ತೀರ್ಪುಗಾರನ ಕಾಲಿನಲ್ಲೂ ತಾಬಿ ಇರುತ್ತದೆ. ಅವನಿಗೆ ಅದು ಅಂತಸ್ತು. ಕೆಳದರ್ಜೆಯ ತೀರ್ಪುಗಾರರು ಬರಿಗಾಲಿನಲ್ಲಿ ನಿಲ್ಲಬೇಕು. ಮೇಲಿನ ದರ್ಜೆಗೆ ಏರಿದರೆ ತಾಬಿ, ಇನ್ನೂ ಮೇಲೇರಿದರೆ ತಾಬಿಯ ಮೇಲೆ ಹುಲ್ಲಿನ ಚಪ್ಪಲಿ. ಒಂದೇ ಗಜ ಬಟ್ಟೆ ಒಬ್ಬನ ಕಾಲಿನಲ್ಲಿ ಬಡ್ತಿ, ಇನ್ನೊಬ್ಬನ ಕಾಲಿನಲ್ಲಿ ಅಂಗವೈಕಲ್ಯದ ಪ್ರಕಟಣೆ. ಎದುರಾಳಿ ಆ ಪ್ರಕಟಣೆಯನ್ನು ಓದಿಕೊಳ್ಳದೆ ಇರುತ್ತಾನೆಯೇ? ಯಾವ ಕಡೆ ನೂಕಿದರೆ ಇವನು ಒದ್ದಾಡುತ್ತಾನೆ ಎಂಬುದು ಅವನಿಗೆ ಕೂತಲ್ಲೇ ಗೊತ್ತಾಗುತ್ತದೆ. ಆದ್ದರಿಂದ ತಾಬಿ ತೊಡಬೇಕಾದಷ್ಟು ಗಾಯವಾಗಿದೆ ಎಂದರೆ ಅದು ನಿಜಕ್ಕೂ ತಡೆಯಲಾರದ ಗಾಯ ಎಂದೇ ತಿಳಿಯಬೇಕು.

ಬರಿ ಅಂಗಾಲಿನಲ್ಲಿ ಅಂಥದ್ದೇನಿದೆ, ಒಂದು ಪದರ ಹತ್ತಿ ಬಟ್ಟೆ ಅಡ್ಡ ಬಂದರೂ ನಷ್ಟವಾಗುವಂಥದ್ದು?

ಅಂಗಾಲಿನ ಚರ್ಮ ದೇಹದ ಉಳಿದ ಚರ್ಮದ ಹಾಗಲ್ಲ. ರೆಪ್ಪೆಯ ಹೊರಚರ್ಮ ಸುಮಾರು 0.05 ಮಿಲಿಮೀಟರ್ ದಪ್ಪವಿದ್ದರೆ ಅಂಗಾಲಿನದು ಸುಮಾರು 1.5 ಮಿಲಿಮೀಟರ್, ಅಂದರೆ ಮೂವತ್ತು ಪಟ್ಟು. ಅಲ್ಲಿ ಕೂದಲಿಲ್ಲ, ಎಣ್ಣೆ ಸ್ರವಿಸುವ ಗ್ರಂಥಿಗಳಿಲ್ಲ. ಬೆವರಿನ ಗ್ರಂಥಿಗಳು ಮಾತ್ರ ಒಂದು ಚದರ ಸೆಂಟಿಮೀಟರಿಗೆ ನೂರಾರು. ಈ ಬೆವರಿಗೂ ಸೆಕೆಗೂ ಅಷ್ಟಾಗಿ ಸಂಬಂಧವಿಲ್ಲ; ಅಂಗೈ, ಅಂಗಾಲು ಬೆವರುವುದು ಮುಖ್ಯವಾಗಿ ಭಯಕ್ಕೆ, ಉದ್ವೇಗಕ್ಕೆ. ಪರೀಕ್ಷೆಗೆ ಕೂತ ಹುಡುಗನಿಗೆ ಇದು ಕಿರಿಕಿರಿ. ಆದರೆ ಮರದ ಮೇಲಿರುವ, ಓಡಿ ತಪ್ಪಿಸಿಕೊಳ್ಳಬೇಕಾದ, ಅಥವಾ ಎದುರಾಳಿಯ ಮೇಲೆ ಎರಗಲಿರುವ ಪ್ರಾಣಿಗೆ ಅದು ವರ. ತೆಳ್ಳಗಿನ ಬೆವರು ಚರ್ಮದ ಒಣ ಹೊರಪದರವನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದ ಚರ್ಮ ನೆಲದ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕೂರುತ್ತದೆ, ಮುಟ್ಟುವ ಜಾಗ ಹೆಚ್ಚುತ್ತದೆ, ಹಿಡಿತವೂ ಹೆಚ್ಚುತ್ತದೆ. ಬೆವರು ಅತಿಯಾಗಿ ನೀರಿನ ಪದರವೇ ಆಗಿಬಿಟ್ಟರೆ ಮಾತ್ರ ಹಿಡಿತ ಮತ್ತೆ ಕುಸಿಯುತ್ತದೆ. ಸುಮೊ ಕಣದ ಮರಳು ಒಂದು ಕೆಲಸವನ್ನಂತೂ ಸದ್ದಿಲ್ಲದೆ ಮಾಡುತ್ತದೆ: ಹೆಚ್ಚಾದ ಬೆವರನ್ನು ಹೀರಿಕೊಳ್ಳುವುದು.

ಹಿಡಿತಕ್ಕಿಂತ ಮುಖ್ಯವಾದದ್ದು ಸುದ್ದಿ. ಅಂಗಾಲಿನ ಚರ್ಮದಡಿ ಒತ್ತಡ, ಎಳೆತ, ಕಂಪನಗಳನ್ನು ಬೇರೆ ಬೇರೆಯಾಗಿ ಗುರುತಿಸುವ ನರತುದಿಗಳಿವೆ. ಕೆನಡಾದ ವಿಜ್ಞಾನಿಗಳಾದ ಕೆನೆಡಿ ಮತ್ತು ಇಂಗ್ಲಿಸ್ 2002ರಲ್ಲಿ ಅಂಗಾಲಿನಿಂದ ಹೊರಟ 104 ನರತಂತುಗಳ ಸಂಕೇತಗಳನ್ನು ಒಂದೊಂದಾಗಿ ದಾಖಲಿಸಿದರು. ಕಾಲು ಯಾವ ಭಾರವನ್ನೂ ಹೊರದೆ ಸುಮ್ಮನಿದ್ದಾಗ ಅವು ಮೌನವಾಗಿದ್ದವು. ನಾವು ನಿಂತಾಗ ಮೈಯ ಭಾರ ಎತ್ತ ವಾಲುತ್ತಿದೆ, ಹಿಮ್ಮಡಿಗೆಷ್ಟು, ಹೆಬ್ಬೆರಳಿಗೆಷ್ಟು ಎಂಬ ವರದಿಯನ್ನು ಮಿದುಳಿಗೆ ಮುಟ್ಟಿಸುವವರಲ್ಲಿ ಇವು ಮುಖ್ಯ. ಎದುರಾಳಿ ನೂಕಿದ ಕ್ಷಣದಲ್ಲಿ ಕಣ್ಣು ನೋಡಿ ಹೇಳುವ ಮೊದಲೇ ಅಂಗಾಲು ಹೇಳಿರುತ್ತದೆ.

ಬರಿಗಾಲಿನಲ್ಲಿ ನಡೆದೂ ನಡೆದೂ ಅಂಗಾಲು ದಡ್ಡುಗಟ್ಟಿದರೆ ಈ ಸುದ್ದಿ ನಿಂತುಹೋಗಬೇಕಲ್ಲ ಎಂಬ ಅನುಮಾನ ಸಹಜ. ಮಲೆನಾಡಿನ ಹಿರಿಯರ ಹಿಮ್ಮಡಿ ನೋಡಿದವರಿಗೆ ಅದರೊಳಗೆ ಏನಾದರೂ ಗೊತ್ತಾದೀತೆಂದು ನಂಬುವುದೇ ಕಷ್ಟ. ಹೊಲೊವ್ಕಾ, ಲೀಬರ್‌ಮನ್ ಮತ್ತು ಸಂಗಡಿಗರು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಅನುಮಾನವನ್ನೇ ಕೈಗೆತ್ತಿಕೊಂಡಿತ್ತು. ಕೀನ್ಯಾದಲ್ಲಿ ಬರಿಗಾಲಿನಲ್ಲೇ ಬಾಳುವವರ, ಶೂ ತೊಡುವವರ ಅಂಗಾಲುಗಳನ್ನು ಅಳೆದು ನೋಡಿದರು. ಬರಿಗಾಲಿನವರ ದಡ್ಡು ದಪ್ಪಗಿತ್ತು, ಗಡಸಾಗಿತ್ತು. ಆದರೆ ದಪ್ಪ ಹೆಚ್ಚಿದಷ್ಟೂ ಸ್ಪರ್ಶ ಮಂದವಾಗುತ್ತದೆ ಎಂಬ ನಿರೀಕ್ಷೆ ಸುಳ್ಳಾಯಿತು. ದಡ್ಡು ಗಟ್ಟಿಯಾಗಿರುವುದರಿಂದಲೇ ನೆಲದ ಒತ್ತಡವನ್ನು ಒಳಗಿನ ನರಗಳಿಗೆ ನೇರವಾಗಿ ದಾಟಿಸುತ್ತದೆ. ಮೆತ್ತನೆಯ ಅಟ್ಟೆ ಆ ಒತ್ತಡವನ್ನು ನುಂಗಿಹಾಕುತ್ತದೆ. ಅಂಗಾಲು ತಾನೇ ಬೆಳೆಸಿಕೊಳ್ಳುವ ಪಾದರಕ್ಷೆ ಸುದ್ದಿಯನ್ನು ತಡೆಯುವುದಿಲ್ಲ. ಅಂಗಡಿಯಲ್ಲಿ ಕೊಂಡದ್ದು ತಡೆಯುತ್ತದೆ.

ಈ ಸ್ವಂತ ಪಾದರಕ್ಷೆಗೆ ಒಂದು ದೋಷ ಇದೆ. ಎಣ್ಣೆ ಗ್ರಂಥಿ ಇಲ್ಲದ ಕಾರಣ ಅದು ಒಣಗುತ್ತದೆ, ಒಣಗಿದರೆ ಬಾಗುವುದಿಲ್ಲ, ಬಾಗದೆ ಎಳೆತಕ್ಕೆ ಸಿಕ್ಕಿದಾಗ ಸೀಳುತ್ತದೆ. ಒಣ ಜೇಡಿ ಮತ್ತು ಮರಳು ಚರ್ಮದ ತೇವವನ್ನು ಹೀರುತ್ತಲೇ ಇರುವ ಕಣದಲ್ಲಿ, ಅಂಗಾಲನ್ನು ಒತ್ತಿ ಜಾರಿಸುವ ಆಟದಲ್ಲಿ ಇದು ಆಗದಿದ್ದರೇ ಆಶ್ಚರ್ಯ. ನೇರ ಒತ್ತಡ ಚರ್ಮಕ್ಕೆ ಅಂಥ ಕೇಡು ಮಾಡುವುದಿಲ್ಲ. ಕೇಡು ಮಾಡುವುದು ಅಡ್ಡ ಎಳೆತ. ಮೇಲಿನ ಪದರವನ್ನು ನೆಲ ಹಿಡಿದುಕೊಂಡಿದೆ, ಒಳಗಿನ ಮೂಳೆ ಮುಂದಕ್ಕೆ ಹೋಗುತ್ತಿದೆ, ನಡುವಿನ ಪದರಗಳು ಒಂದರಿಂದ ಒಂದು ಬೇರ್ಪಡುತ್ತವೆ. ಮೆತ್ತಗಿನ ಚರ್ಮದಲ್ಲಿ ಅದು ಬೊಕ್ಕೆ, ಗಡಸು ಚರ್ಮದಲ್ಲಿ ಬಿರುಕು. ಆ ಬಿರುಕಿಗೆ ಮರಳು ಸೇರಿತೆಂದರೆ ಹದಿನೈದು ದಿನದ ಪಂದ್ಯಾವಳಿಯಲ್ಲಿ ಅದು ಮಾಯುವ ಮಾತೇ ಇಲ್ಲ. ಆಗ ತಾಬಿ. ಬಟ್ಟೆ ನೆಲದ ಎಳೆತದಲ್ಲಿ ಒಂದಿಷ್ಟನ್ನು ತನ್ನ ಮೇಲೆ ತೆಗೆದುಕೊಳ್ಳುತ್ತದೆ, ಮರಳನ್ನು ಹೊರಗಿಡುತ್ತದೆ, ಪಟ್ಟಿ ಬಿಚ್ಚದಂತೆ ಹಿಡಿದಿರುತ್ತದೆ. ಹೆಬ್ಬೆರಳಿಗೆ ಬೇರೆ ಮನೆ ಇರುವುದರಿಂದ ಅದರ ಕಚ್ಚುವ ಕೆಲಸ ಪೂರ್ತಿ ನಿಲ್ಲುವುದಿಲ್ಲ. ಎಮ್ಮೆ, ದನಗಳ ಗೊರಸು ಎರಡಾಗಿ ಸೀಳಿರುವುದೂ ಕೆಸರಿನಲ್ಲಿ ಇಂಥದ್ದೇ ಉಪಕಾರ ಮಾಡುತ್ತದೆ: ಊರಿದಾಗ ಅಗಲವಾಗುತ್ತದೆ, ಎತ್ತುವಾಗ ಕಿರಿದಾಗಿ ಸಲೀಸಾಗಿ ಹೊರಬರುತ್ತದೆ.

ಬೂಟು ಸೋಲುವುದೂ ಇದೇ ಜಾಗದಲ್ಲಿ. ನಾಟಿ ಗದ್ದೆಗೆ ಗಂಬೂಟು ಹಾಕಿಕೊಂಡು ಇಳಿದವರಿಗೆ ಗೊತ್ತು, ಕಾಲು ಮೇಲೆ ಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ. ಅಟ್ಟೆಯನ್ನು ಎತ್ತಿದಾಗ ಅದರಡಿ ಗಾಳಿ ನುಗ್ಗಲು ದಾರಿ ಇಲ್ಲ, ಒತ್ತಡ ತಗ್ಗುತ್ತದೆ, ಮೇಲಿನ ವಾತಾವರಣ ಬೂಟನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಬರಿಗಾಲು ಎತ್ತುವಾಗ ತನ್ನ ಆಕಾರ ಬದಲಿಸಿಕೊಳ್ಳುತ್ತದೆ, ಹಿಮ್ಮಡಿ ಮೊದಲು ಏಳುತ್ತದೆ, ಬೆರಳು ಕೂಡಿಕೊಳ್ಳುತ್ತವೆ, ಪಕ್ಕದಿಂದ ಗಾಳಿಯೂ ನೀರೂ ಒಳಗೆ ಇಳಿಯುತ್ತವೆ. ಘಟ್ಟದ ಕೆಳಗೆ ಕಂಬಳದ ಓಟಗಾರರು ಕೋಣಗಳ ಹಿಂದೆ ಬರಿಗಾಲಲ್ಲೇ ಓಡುವುದು ಸಂಪ್ರದಾಯಕ್ಕಷ್ಟೇ ಅಲ್ಲ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಓಟಗಾರ ಉಸೇನ್ ಬೋಲ್ಟ್ ಜತೆಗೆ ಆಗ ಮಾಡಿದ ಹೋಲಿಕೆ ಅಸಂಬದ್ಧ. ಎಳೆದುಕೊಂಡು ಹೋಗಲು ಮುಂದೆ ಎರಡು ಕೋಣಗಳಿವೆ, ಗಡಿಯಾರದ ಲೆಕ್ಕವೂ ಬೇರೆ. ನನಗೆ ಅಲ್ಲಿ ಕುತೂಹಲ ಹುಟ್ಟಿಸಿದ್ದು ವೇಗವಲ್ಲ, ಆ ಕೆಸರಿನಲ್ಲಿ ಯಾವ ಕಂಪನಿಯ ಶೂ ತೊಟ್ಟರೂ ಅಷ್ಟು ದೂರ ಓಡಲಾಗುವುದಿಲ್ಲ ಎಂಬುದು.

ಸುಮೊಗೆ ನಮ್ಮಲ್ಲಿ ಹತ್ತಿರದ ಸಂಬಂಧಿಯೆಂದರೆ ಗರಡಿಯ ಕುಸ್ತಿ. ಮೈಸೂರಿನ ಗರಡಿಗಳಲ್ಲಿ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಶಿನ, ನಿಂಬೆರಸ ಬೆರೆಸಿ ಮಟ್ಟಿ ಸಿದ್ಧ ಮಾಡುತ್ತಾರೆ. ಅದು ಸುಮೊ ಕಣದ ಹಾಗೆ ಗಟ್ಟಿಯಲ್ಲ, ಕಾಲು ಹೂತುಕೊಳ್ಳುವಷ್ಟು ಸಡಿಲ. ಪೈಲ್ವಾನ ಬರಿಗಾಲು. ಆದರೆ ದಸರಾ ಕುಸ್ತಿಗೆ ಬಂದರೆ ಅದೇ ಪೈಲ್ವಾನನನ್ನು ಎರಡು ವೇಷದಲ್ಲಿ ನೋಡಬಹುದು. ನಾಡಕುಸ್ತಿಗೆ ಮಟ್ಟಿಯಲ್ಲಿ ಬರಿಗಾಲು, ಪಾಯಿಂಟ್ ಕುಸ್ತಿಗೆ ಮ್ಯಾಟಿನ ಮೇಲೆ ಕಣಕಾಲು ತನಕ ಲೇಸು ಬಿಗಿದ ಶೂ. ಅಂತರರಾಷ್ಟ್ರೀಯ ಕುಸ್ತಿಯ ನಿಯಮಗಳಲ್ಲಿ ಶೂ ಕಡ್ಡಾಯ. ಅದು ಕಣಕಾಲನ್ನು ಬಿಗಿಯಾಗಿ ಹಿಡಿದಿರಬೇಕು, ಹಿಮ್ಮಡಿಯಲ್ಲಿ ಎತ್ತರ ಇರಕೂಡದು, ಲೋಹದ ಚೂರೂ ಇರಕೂಡದು.

ಮನುಷ್ಯ ಒಬ್ಬನೇ, ಆಟವೂ ಹೆಚ್ಚುಕಡಿಮೆ ಅದೇ, ಬದಲಾದದ್ದು ನೆಲ. ಮಟ್ಟಿಯಲ್ಲಿ ಕಾಲು ತಿರುಚಿದರೆ ಮಣ್ಣು ಜತೆಗೇ ಸರಿಯುತ್ತದೆ, ಮಂಡಿಗೆ ಬರಬೇಕಾದ ತಿರುಚನ್ನು ಮಣ್ಣು ತಿನ್ನುತ್ತದೆ. ಮ್ಯಾಟು ಸರಿಯುವುದಿಲ್ಲ. ನುಣುಪಾದ ಹೊದಿಕೆಯ ಮೇಲೆ ತುಸು ಬೆವರಿದ ಬರಿಗಾಲು ಅಂಟಿಕೊಳ್ಳುತ್ತದೆ, ಬೆವರಿನಲ್ಲಿ ತೊಯ್ದ ಬರಿಗಾಲು ಜಾರುತ್ತದೆ. ಒಂದೇ ಸುತ್ತಿನಲ್ಲಿ ಎರಡೂ ಆಗಬಹುದು. ಬೆರಳು ಹೂಳಲು ಜಾಗವಿಲ್ಲ, ಹೂಳಲು ಹೋದರೆ ಮಡಚಿಕೊಂಡು ಮುರಿಯುತ್ತದೆ. ಜತೆಗೆ ಒಬ್ಬರ ಚರ್ಮದ ಹುಳುಕಡ್ಡಿಯೂ ಸೋಂಕೂ ಮ್ಯಾಟಿನ ಮೂಲಕ ಇನ್ನೊಬ್ಬರಿಗೆ ಹರಡುತ್ತದೆ. ಮ್ಯಾಟನ್ನು ದಿನವೂ ಔಷಧಿ ನೀರಿನಲ್ಲಿ ಒರೆಸಬೇಕು. ಹಳ್ಳಿಯ ಮಟ್ಟಿಯಲ್ಲಿ ಬೆಳೆದ ಹುಡುಗ ಕ್ರೀಡಾ ವಸತಿ ಶಾಲೆ ಸೇರಿ ಮ್ಯಾಟಿಗೆ ಬಂದಾಗ ಪಟ್ಟುಗಳನ್ನು ಮಾತ್ರವಲ್ಲ, ಪಾದವನ್ನೂ ಮತ್ತೆ ಕಲಿಯಬೇಕಾಗುತ್ತದೆ.

ಇಂಥ ಮರುಕಲಿಕೆಗೆ ದೇಶವೇ ಸಾಕ್ಷಿಯಾದ ಪ್ರಸಂಗ ಒಂದಿದೆ, ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಜುಲೈ 31ರಂದು ಫ್ರಾನ್ಸ್ ವಿರುದ್ಧ ಆಡಿತು. ಹೆಚ್ಚಿನವರು ಬರಿಗಾಲು, ಹಲವರ ಪಾದಕ್ಕೆ ಪಟ್ಟಿಬಟ್ಟೆ. ತಾಬಿಗೆ ಇದಕ್ಕಿಂತ ಹತ್ತಿರದ ನೆಂಟನನ್ನು ಎಲ್ಲಿ ಹುಡುಕುವುದು? 2–1ರಿಂದ ಸೋತರೂ, ಎರಡು ಪೆನಾಲ್ಟಿಗಳನ್ನು ಹಾಳು ಮಾಡಿಕೊಂಡರೂ, ಆ ತಂಡ ಪ್ರೇಕ್ಷಕರ ಮನಸ್ಸು ಗೆದ್ದಿತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಮತ್ತೆ ಬರಿಗಾಲಿನವರಿದ್ದ ಭಾರತ ತಂಡವನ್ನು ಯುಗೊಸ್ಲಾವಿಯ 10–1ರಿಂದ ಬಗ್ಗುಬಡಿಯಿತು. ಅಲ್ಲಿಯೂ ನಮ್ಮ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಆ ಸೋಲಿನ ಬಳಿಕ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಬೂಟು ಕಡ್ಡಾಯ ಮಾಡಿತು. ನಡುವೆ 1950ರ ವಿಶ್ವಕಪ್ಪಿಗೆ ಭಾರತ ಹೋಗದಿದ್ದುದಕ್ಕೆ ಬರಿಗಾಲಿನ ನಿಷೇಧವೇ ಕಾರಣ ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಆಗಿನ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಅದನ್ನು ನೆಪ ಎಂದು ತಳ್ಳಿಹಾಕಿದ್ದಾರೆ.

ಹೆಲ್ಸಿಂಕಿಯ ಸೋಲಿಗೆ ಎದುರಾಳಿಯ ಬಲವೇ ಮೊದಲ ಕಾರಣ, ಅದರಲ್ಲಿ ಅನುಮಾನವಿಲ್ಲ. ಆದರೆ ಚಳಿ ಪಾದಕ್ಕೆ ಏನು ಮಾಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಣ್ಣಗಾದ ಚರ್ಮದಲ್ಲಿ ನರಸಂಕೇತ ನಿಧಾನವಾಗುತ್ತದೆ, ಸ್ಪರ್ಶ ಮಂದವಾಗುತ್ತದೆ. ಬರಿಗಾಲಿನ ದೊಡ್ಡ ಆಸ್ತಿ ಎಂದರೆ ಚೆಂಡಿನ, ನೆಲದ ಸುದ್ದಿ. ಸುದ್ದಿಯೇ ಬರದಿದ್ದ ಮೇಲೆ ಉಳಿಯುವುದು ಬರಿಯ ಮೆತ್ತನೆಯ ಪಾದ, ಒದ್ದೆ ಹುಲ್ಲಿನಲ್ಲಿ ಮೊಳೆಯ ಬೂಟಿನೆದುರು ಅದಕ್ಕೆ ಹಿಡಿತವೂ ಇಲ್ಲ, ರಕ್ಷಣೆಯೂ ಇಲ್ಲ. ಬೆಂಗಳೂರಿನ ಬೆಚ್ಚಗಿನ ಗಟ್ಟಿ ಮೈದಾನದಲ್ಲಿ ಪ್ರತಿಭೆಯಾಗಿದ್ದದ್ದು ಉತ್ತರದ ದೇಶದಲ್ಲಿ ಬಡತನದಂತೆ ಕಂಡಿತು.

ಪಾದ ಮುಚ್ಚುವುದಕ್ಕೆ ತೆರಬೇಕಾದ ಬೆಲೆಯನ್ನು ಅಂಕಿಗಳಲ್ಲಿ ತೋರಿಸಿದವರಲ್ಲಿ ನಮ್ಮ ಕರಾವಳಿಯ ವೈದ್ಯರಿದ್ದಾರೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ತೆಗೆದು, ಪಾದದ ಕಮಾನು ಯಾರಲ್ಲಿ ಚಪ್ಪಟೆಯಾಗಿದೆ ಎಂದು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇಕಡ 8.6, ಬರಿಗಾಲಿನ ಮಕ್ಕಳಲ್ಲಿ ಶೇಕಡ 2.8. ಮುಂಭಾಗ ಮುಚ್ಚಿದ ಶೂ ತೊಡುವವರಲ್ಲಿ ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಕಮಾನು ರೂಪುಗೊಳ್ಳುವುದಕ್ಕೆ ಆರು ವರ್ಷಕ್ಕೆ ಮುಂಚಿನ ಕಾಲವೇ ನಿರ್ಣಾಯಕ ಎಂಬುದು ಅವರ ತೀರ್ಮಾನ. ಪಾದದ 26 ಮೂಳೆಗಳನ್ನು ಕಮಾನಾಗಿ ಎತ್ತಿ ಹಿಡಿಯುವ ಸಣ್ಣ ಸ್ನಾಯುಗಳು ನೆಲದೊಡನೆ ಗುದ್ದಾಡುತ್ತಲೇ ಬಲಿಯಬೇಕು. ಎಲ್‌ಕೆಜಿ ಮಕ್ಕಳಿಗೆ ಕಪ್ಪು ಶೂ, ಟೈ ಕಡ್ಡಾಯ ಮಾಡುವ ಶಾಲೆಗಳಿಗೆ ಆ ವೈದ್ಯರ ಲೇಖನದ ಒಂದು ಪ್ರತಿ ಕಳಿಸಬೇಕೆಂದು ನನಗೆ ಆಗಾಗ ಅನ್ನಿಸುತ್ತದೆ.

ಹಾಗೆಂದು ಬರಿಗಾಲನ್ನು ಹಾಡಿ ಹೊಗಳಿ ಕೂರುವಂತಿಲ್ಲ. ಅಂಗಾಲಿನ ಸುದ್ದಿಜಾಲವೇ ಸತ್ತುಹೋದವರ ಪಾದಗಳನ್ನು ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರಾಂಡ್ ವರ್ಷಗಟ್ಟಲೆ ನೋಡಿದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ಕೊಳೆತು ಉದುರುತ್ತವೆ ಎಂಬ ನಂಬಿಕೆ ತಪ್ಪು, ನೋವು ತಿಳಿಯದೆ ಅದೇ ಜಾಗವನ್ನು ಮತ್ತೆ ಮತ್ತೆ ಗಾಯ ಮಾಡಿಕೊಳ್ಳುವುದೇ ಮುಖ್ಯ ಕಾರಣ ಎಂದು ಅವರು ತೋರಿಸಿದರು. ಅಂಥವರಿಗಾಗಿ ಅಲ್ಲಿ ರೂಪುಗೊಂಡ ಸಣ್ಣರಂಧ್ರದ ರಬ್ಬರಿನ ಮೆತ್ತನೆ ಚಪ್ಪಲಿಯೇ ಇಂದು ಎಂಸಿಆರ್ ಚಪ್ಪಲಿ ಎಂಬ ಹೆಸರಿನಲ್ಲಿ ಸಕ್ಕರೆ ಕಾಯಿಲೆಯವರ ಕಾಲಿಗೆ ಬಂದಿದೆ. ಸುಮೊ ಜಟ್ಟಿ ತಾಬಿ ತೊಡುವುದು ನೋವು ತಡೆಯಲಾರದೆ. ಇವರು ಚಪ್ಪಲಿ ತೊಡಬೇಕಾದ್ದು ನೋವೇ ಇಲ್ಲದ್ದಕ್ಕೆ.

ಮತ್ತೆ ಹಾನುಬಾಳಿನ ತೋಟಕ್ಕೆ ಬರೋಣ. ಇಲ್ಲಿನ ಜನ ಪಾದವನ್ನು ಮುಚ್ಚುವುದರಲ್ಲಿ ಬಹಳ ಲೆಕ್ಕಾಚಾರದವರು. ಮೆಣಸು ಬಿಡಿಸುವವರು ಏಣಿ ಹತ್ತುವಾಗ ಬೂಟು ಬಿಚ್ಚಿಟ್ಟು ಹತ್ತುತ್ತಾರೆ. “ಬೂಟ್ ಹಾಕ್ಕಂಡ್ರೆ ಗಣೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ” ಎಂದು ಒಬ್ಬರು ಹೇಳಿದ್ದು ಅಂಗಾಲಿನ ನರಶಾಸ್ತ್ರದ ಸಾರ. ಅಡಿಕೆ ಮರ ಏರುವವರ ತಳೆ ಇನ್ನೂ ಜಾಣತನದ್ದು. ಎರಡೂ ಪಾದಗಳನ್ನು ಕೂಡಿಸಿ ಹಿಡಿಯುವ ಬಳೆ ಅದು, ಮರವನ್ನು ಪಾದಗಳ ನಡುವೆ ಬಿಗಿಯಲು ನೆರವಾಗುತ್ತದೆ, ಅಂಗಾಲನ್ನು ಮಾತ್ರ ತೆರೆದೇ ಬಿಡುತ್ತದೆ. ಇಂಬಳದ ಕಾಲುಚೀಲದ ಜಾಣತನ ಬೇರೆ ತೆರನದು. ಇಂಬಳಕ್ಕೆ ಎರಡೂ ತುದಿಯಲ್ಲಿ ಹೀರುಬಟ್ಟಲು, ಬಾಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ. ಸಾಮಾನ್ಯ ಕಾಲುಚೀಲದ ಹೆಣಿಗೆಯ ಕಣ್ಣಿನಲ್ಲಿ ದಾರದಷ್ಟು ಸಣ್ಣಗಾಗಿ ಅದು ನುಸುಳಬಲ್ಲದು. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ನುಸುಳಲಾರದೆ ಮೇಲಕ್ಕೆ ಹತ್ತುತ್ತ ಹೋಗಿ ಕಣ್ಣಿಗೆ ಬೀಳುತ್ತದೆ. ಹಳಬರು ಈ ಖರ್ಚಿಗೆ ಹೋಗದೆ ಸುಣ್ಣವನ್ನೋ ಹೊಗೆಸೊಪ್ಪಿನ ನೀರನ್ನೋ ಕಾಲಿಗೆ ಬಳಿದುಕೊಳ್ಳುತ್ತಿದ್ದರು.

ಇಂಬಳ ಕಾಣುತ್ತದೆ, ಹೋಗಲಿ. ಕಾಣದೆ ಬರುವುದು ಕೊಕ್ಕೆಹುಳು. ಅದು ಚರ್ಮದ ಮೂಲಕ ದೇಹ ಸೇರುತ್ತದೆ ಎಂಬುದನ್ನು ಕಂಡುಕೊಂಡವರು ಕೈರೊದಲ್ಲಿದ್ದ ಜರ್ಮನ್ ವಿಜ್ಞಾನಿ ಆರ್ಥರ್ ಲೂಸ್. ಪ್ರಯೋಗದ ಪ್ರಾಣಿಗಳಿಗೆ ಕುಡಿಸಲು ಇಟ್ಟುಕೊಂಡಿದ್ದ ಮರಿಹುಳುಗಳ ನೀರು ಅವರ ಕೈಮೇಲೆ ಚೆಲ್ಲಿತು. ಆ ಜಾಗ ತುರಿಸಿತು, ಕೆಂಪಾಯಿತು, ಕೆಲವು ವಾರಗಳ ನಂತರ ಅವರ ಮಲದಲ್ಲೇ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು. 1898ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ನಂಬಿದವರು ಕಡಿಮೆ. ಚರ್ಮದಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ನುಂಗಿದ ಮೇಲೆ ಸಣ್ಣಕರುಳಿಗೆ: ಅಷ್ಟು ಸುತ್ತಿನ ದಾರಿ ಯಾರಿಗೂ ಸುಲಭಕ್ಕೆ ಹಿಡಿಸುವಂಥದ್ದಲ್ಲ. ಕರುಳಿಗೆ ಕಚ್ಚಿಕೊಂಡ ಒಂದೊಂದು ಹುಳುವೂ ದಿನಕ್ಕೆ ಹೀರುವುದು ತೀರ ಕಡಿಮೆ ರಕ್ತ. ಹುಳು ನೂರಾರು ಇದ್ದರೆ ಮನುಷ್ಯ ಬಿಳಿಚಿಕೊಂಡು ಏದುಸಿರು ಬಿಡುತ್ತಾನೆ. ಈ ಮರಿಹುಳುವಿಗೆ ಬೇಕಾದದ್ದು ಬೆಚ್ಚಗಿನ, ಒದ್ದೆಯಾದ, ಬಿಸಿಲು ಬೀಳದ ಮಣ್ಣು. ನೆರಳಿನ ಮರಗಳ ಕೆಳಗೆ ದರಗು ಹಾಸಿಕೊಂಡ ಕಾಫಿ ತೋಟವನ್ನು ಅದಕ್ಕೆಂದೇ ಮಾಡಿದಂತಿದೆ. ದಡ್ಡುಗಟ್ಟಿದ ಹಿಮ್ಮಡಿಯನ್ನು ಅದು ಮುಟ್ಟುವುದಿಲ್ಲ, ಬೆರಳ ಸಂದಿಯ ಎಳೆ ಚರ್ಮವನ್ನು ಹುಡುಕುತ್ತದೆ.

ಇಲ್ಲಿಗೆ ಬಂದ ಮೇಲೆ ಸುಮೊ ಕಣವೂ ಗರಡಿಯೂ ನನಗೆ ಬೇರೆಯಾಗಿಯೇ ಕಾಣುತ್ತವೆ. ಅಲ್ಲಿ ಪಾದ ಬರಿದಾಗಿರಲು ಸಾಧ್ಯವಾಗಿರುವುದು ನೆಲವನ್ನು ಯಾರೋ ಹಗಲಿಡೀ ನೋಡಿಕೊಳ್ಳುತ್ತಿರುವುದರಿಂದ. ಸುಮೊ ಕಣದ ಸೇವಕರು ಪ್ರತಿ ಪಂದ್ಯಾವಳಿಗೂ ಮೇಲ್ಮೈಯನ್ನು ಹೊಸದಾಗಿ ಬಡಿದು ಕಟ್ಟುತ್ತಾರೆ, ಕುಸ್ತಿಗಳ ನಡುನಡುವೆ ಪೊರಕೆ ಹಿಡಿದು ಗುಡಿಸುತ್ತಲೇ ಇರುತ್ತಾರೆ. ಗರಡಿಯ ಹುಡುಗರು ಬೆಳಗ್ಗೆ ಎದ್ದು ಮಟ್ಟಿ ತಿರುವಿ ಹಾಕುತ್ತಾರೆ, ಒಂದು ಹರಳು ಸಿಕ್ಕರೂ ಆಯ್ದು ಎಸೆಯುತ್ತಾರೆ. ಮಳೆಗಾಲದಲ್ಲಿ ಸಕಲೇಶಪುರ, ಆಲೂರು ಕಡೆಯ ಊರುಗಳಲ್ಲಿ ಕೆಸರುಗದ್ದೆ ಕ್ರೀಡಾಕೂಟ ನಡೆಸುವವರೂ ಮೊದಲು ಮಾಡಬೇಕಾದ ಕೆಲಸ ಅದೇ, ಗದ್ದೆಯಲ್ಲಿ ಬಾಟಲಿ ಚೂರು ಉಳಿಯದಂತೆ ಕಾಲಿನಿಂದ ತಡಕಾಡಿ ಹೆಕ್ಕುವುದು. ತೋಟದ ದಾರಿಯನ್ನು ಹೀಗೆ ಹೆಕ್ಕುವವರು ಯಾರೂ ಇಲ್ಲ.

2025ರ ತನಕ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆಯನ್ನು ಈ ಕಣ್ಣಿನಿಂದ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಳೆ, ಚಳಿಗಳಿಂದ ರಕ್ಷಣೆಗೆ ಕೊಡಿಸಬಹುದಾದ ವಸ್ತುಗಳೆಂದು ಅದು ಹೆಸರಿಸಿದ್ದು ಕೊಡೆ, ಕಂಬಳಿ, ರೇನ್‌ಕೋಟು. ತಲೆಗೆ ಉಂಟು, ಮೈಗೆ ಉಂಟು, ಕಾಲಿನ ಹೆಸರಿಲ್ಲ. ಉಳಿದದ್ದೆಲ್ಲ ‘ಇಂಥ ಇತರ ಸೌಕರ್ಯ’ ಎಂಬ ಮಾತಿನಲ್ಲಿ ಅಡಗಿಹೋಗಿತ್ತು. ಆದರೆ ಅದೇ ಕಾಯ್ದೆಯ ಬೇರೊಂದು ಕಲಮು ತೋಟದಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ ಇರಬೇಕು, ಅವು ಶುಚಿಯಾಗಿರಬೇಕು ಎಂದಿತ್ತು. ಕೊಕ್ಕೆಹುಳುವಿನ ಮೊಟ್ಟೆ ಮಣ್ಣಿಗೆ ಬರುವುದು ಮನುಷ್ಯನ ಮಲದಿಂದಲೇ. ಮಲ ಗುಂಡಿಗೆ ಬಿದ್ದರೆ ಅಲ್ಲಿ ಒಡೆದ ಮರಿಗೆ ತೋಟದ ತರಗೆಲೆಯ ತನಕ ಬರುವ ದಾರಿ ಇರುವುದಿಲ್ಲ. ಪಾದವೊಂದು ಸಿಗದಿದ್ದರೆ ಅದು ಕೆಲವು ವಾರಗಳಲ್ಲಿ ತನ್ನಷ್ಟಕ್ಕೆ ಸಾಯುತ್ತದೆ, ಮೇಲಿನ ದಾರಿಯಲ್ಲಿ ಬೂಟಿನವರು ಹೋಗಲಿ, ಬರಿಗಾಲಿನವರು ಹೋಗಲಿ.